ಸೆಗಣಿ ನೀರಿನಲ್ಲಿ ನೋಡಿದ ವೆಲ್ಡಿಂಗ್

ಮೊನ್ನೆ ನಮ್ಮ ಮನೆಯ ತಾರಸಿಗೆ ಶೀಟಿನ ಮಾಡು ಹಾಕಿಸಿದೆವು. ಪುತ್ತೂರಿನ ಮಳೆಗೆ ತಾರಸಿ ಎಂಬುದೊಂದು ಶೋಕಿ. ಮನೆ ಕಟ್ಟುವಾಗ ಎಲ್ಲರಿಗೂ ಬೇಕು, ನಾಲ್ಕು ಮಳೆಗಾಲ ಕಳೆದ ಮೇಲೆ ಅದರ ತಲೆಗೊಂದು ಟೊಪ್ಪಿಯೂ ಬೇಕು. ಕೆಲಸಕ್ಕೆ ಬಂದವನು ಹರೀಶ, ಮೂವತ್ತು ದಾಟಿದವನು, ಕಡಬದ ಕಡೆಯವನು. ಅವನ ಹಿಂದೆಯೇ ಒಂದು ಯಂತ್ರ, ಒಂದು ಗ್ಯಾಸಿನ ಸಿಲಿಂಡರು, ಒಂದು ಸುರುಳಿ ತಂತಿ ಮೆಟ್ಟಿಲು ಹತ್ತಿ ಬಂದವು. ಕೈಯಲ್ಲಿ ಹಿಡಿದ ಕೊಳವೆಯ ಗುಂಡಿ ಒತ್ತಿದರೆ ತಂತಿ ತನ್ನಷ್ಟಕ್ಕೆ ಹೊರಗೆ ಬರುತ್ತದೆ, ಕರಗುತ್ತದೆ, ಕಬ್ಬಿಣಕ್ಕೆ ಕಬ್ಬಿಣ ಸೇರುತ್ತದೆ. ಗಾಳಿ ಬೀಸಿದರೆ ಗ್ಯಾಸು ಹಾರಿಹೋಗಿ ಕೆಲಸ ಕೆಡುತ್ತದೆಂದು ಅವನು ಪಶ್ಚಿಮದ ಬದಿಗೆ ಟರ್ಪಾಲು ಕಟ್ಟಿಕೊಂಡ.

“ಇದಕ್ಕೆ ಮಿಗ್ ಅಂತ ಹೇಳುದು ಅಜ್ಜಿ. ಕಲೀಲಿಕ್ಕೆ ಭಾರಿ ಸುಲಭ. ಬೇಕಾದ್ರೆ ನಿಮಗೂ ಕಲಿಸ್ತೇನೆ,” ಎಂದು ನಗುತ್ತ ಮುಖವಾಡ ಇಳಿಸಿದ.

ನನಗೆ ವೆಲ್ಡಿಂಗ್ ಬರುತ್ತದೆ ಎಂದು ನಾನು ಹೇಳಲಿಲ್ಲ. ಎಂಬತ್ತರ ಮುದುಕಿ ಇಂಥ ಮಾತು ಹೇಳಿದರೆ ಕೇಳಿದವರು ಮನೆಯವರ ಮುಖ ನೋಡುತ್ತಾರೆ. ಅಷ್ಟರಲ್ಲಿ ಸುಟ್ಟ ಕಬ್ಬಿಣದ ವಾಸನೆ ಬಂತು. ಅದನ್ನು ಹೇಗೆ ವಿವರಿಸಲಿ? ಮಳೆಗಾಲದ ಸಿಡಿಲಿನ ಮರುಗಳಿಗೆ ಅಂಗಳದಲ್ಲಿ ನಿಂತರೆ ಬರುವ ವಾಸನೆಗೆ ಸ್ವಲ್ಪ ಹೊಗೆ ಬೆರೆಸಿಕೊಳ್ಳಿ, ಅಷ್ಟೆ. ಕೆಳಗಿನಿಂದ ಮಗಳು ಕೂಗಿದಳು, “ಅಮ್ಮಾ, ಅದನ್ನು ನೋಡ್ಬೇಡ, ಒಳಗೆ ಬಾ.” ನಾನು ಒಳಗೆ ಹೋಗಲಿಲ್ಲ. ಬೆಂಕಿಗೆ ಬೆನ್ನು ಹಾಕಿ, ಗೋಡೆಯ ಮೇಲೆ ಬೀಳುವ ನೀಲಿ ಬೆಳಕನ್ನು ನೋಡುತ್ತ ಮೆಟ್ಟಿಲಲ್ಲೇ ಕೂತೆ. ನಾನು ನನ್ನ ಜೀವನದಲ್ಲಿ ಮೊದಲು ವೆಲ್ಡಿಂಗ್ ನೋಡಿದ್ದೂ ಗೋಡೆಯ ಮೇಲೆಯೇ.

ಅದು ಅರುವತ್ತರ ದಶಕದ ನಡುವಿನ ಮಾತು. ಆಗ ನಾವಿದ್ದದ್ದು ಸುಳ್ಯದಲ್ಲಿ. ಇವರು, ಎಂದರೆ ನನ್ನ ಯಜಮಾನರು (ಗಂಡನ ಹೆಸರು ಹೇಳುವ ಅಭ್ಯಾಸ ಆಗ ಇರಲಿಲ್ಲ, ಈಗ ಹೇಳಹೊರಟರೆ ನಾಲಿಗೆ ತಿರುಗುವುದಿಲ್ಲ), ಅರಂತೋಡಿನ ಆಚೆಯ ಬೇಸಾಯದ ಮನೆಯಲ್ಲಿ ಹುಟ್ಟಿದರೂ ಕೆಸರಿಗೆ ಇಳಿದವರಲ್ಲ. ಪುತ್ತೂರಿನಲ್ಲಿ ಬಸ್ಸು ರಿಪೇರಿ ಕಲಿತು, ಬಂದು, ಮಡಿಕೇರಿ ರಸ್ತೆಯ ಬದಿಯಲ್ಲಿ ಒಂದು ಶೆಡ್ಡು ಹಾಕಿದರು. ಶೆಡ್ಡಿನ ಬೆನ್ನಿಗೇ ನಮ್ಮ ಹಂಚಿನ ಮನೆ. ಮನೆಯಲ್ಲಿ ಇವರು, ಇವರ ತಾಯಿ, ನಾನು. ಘಟ್ಟ ಇಳಿದು ಬರುವ ಲಾರಿಗಳು ಸಂಪಾಜೆ ದಾಟುವಷ್ಟರಲ್ಲಿ ಏನಾದರೊಂದನ್ನು ಮುರಿದುಕೊಳ್ಳದೆ ಬರುತ್ತಿರಲಿಲ್ಲ. ಬಿಚ್ಚಿ ಜೋಡಿಸುವುದಾದರೆ ಇವರು ಜೋಡಿಸುತ್ತಿದ್ದರು. ಆದರೆ ಕಬ್ಬಿಣವೇ ತುಂಡಾದರೆ ಮಂಗಳೂರಿಗೇ ಕಳಿಸಬೇಕು. ಊರ ಆಚಾರಿ ಕುಲುಮೆಯಲ್ಲಿ ಕಾಯಿಸಿ ಬಡಿದು ಕೂಡಿಸಿದ್ದು ಮುಂದಿನ ಘಟ್ಟದಲ್ಲೇ ಮತ್ತೆ ಬಾಯಿ ಬಿಡುತ್ತಿತ್ತು.

ಅಂಥ ಹೊತ್ತಿಗೆ ಪೇಟೆಗೆ ಕರೆಂಟು ಬಂತು. ಜನರೆಲ್ಲ ಬಲ್ಬು ಹಾಕಿಸಿಕೊಂಡು ಸಂತೋಷಪಟ್ಟರೆ ಇವರ ತಲೆಯಲ್ಲಿ ವೆಲ್ಡಿಂಗ್ ಸೆಟ್ಟು ಕೂತಿತು. ಮಂಗಳೂರಿನಿಂದ ಹಳೆಯದೊಂದನ್ನು ಲಾರಿಯಲ್ಲಿ ತಂದೇಬಿಟ್ಟರು. ಈಗಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೋಗುವ ಯಂತ್ರವಲ್ಲ ಅದು. ಎಣ್ಣೆ ತುಂಬಿದ ದೊಡ್ಡ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಎರಡು ದಪ್ಪ ವಯರಿನ ಬಳ್ಳಿಗಳು. ಒಂದರ ತುದಿಯಲ್ಲಿ ಕರಗಿ ಬೆಸೆಯುವ ರಾಡನ್ನು ಕಚ್ಚಿಸುವ ಹಿಡಿ, ಇನ್ನೊಂದರ ತುದಿಯಲ್ಲಿ ಕೆಲಸದ ಕಬ್ಬಿಣವನ್ನು ಕಚ್ಚಿ ಹಿಡಿಯುವ ಇಕ್ಕಳ. ಅದನ್ನು ಇಳಿಸಲು ಅರ್ಧ ಸುಳ್ಯವೇ ಕೈಜೋಡಿಸಿತು. ಅತ್ತೆ ಅದಕ್ಕೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಇದನ್ನು ನಡೆಸುವುದು ಯಾರು ಎಂಬ ಪ್ರಶ್ನೆ ಎದ್ದದ್ದು ಆಮೇಲೆ.

ಇವರಿಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂದವರು ಹಸನಬ್ಬ. ಅರಂತೋಡಿನ ಬ್ಯಾರಿ, ನಲವತ್ತು ದಾಟಿದ್ದರು. ಹಿಂದೆ ಬೊಂಬಾಯಿಯ ಹಡಗುಕಟ್ಟೆಯಲ್ಲಿ ದುಡಿದವರು. ಅಲ್ಲಿ ಅವರು ವೆಲ್ಡಿಂಗ್ ಮಾಡಿದ್ದರೇ ಎಂದು ಯಾರೂ ಕೇಳಲಿಲ್ಲ. ವೆಲ್ಡಿಂಗ್ ಮಾಡುವವರ ಪಕ್ಕದಲ್ಲಿ ಸಾಮಾನು ಹೊರುತ್ತಿದ್ದರೆಂದು ಎಷ್ಟೋ ವರ್ಷದ ಮೇಲೆ ಅವರೇ ನಗುತ್ತ ಹೇಳಿದರು. ಅಂತೂ ಇಬ್ಬರೂ ಸೇರಿ ಹಳೆಯ ಕಬ್ಬಿಣದ ಪಟ್ಟಿಗಳ ಮೇಲೆ ಗೀರಲು ಶುರುಮಾಡಿದರು. ಹೊಸತರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ, ಅಂಥ ಉತ್ಸಾಹ. ರಾಡು ಕಬ್ಬಿಣಕ್ಕೆ ತಗಲಿದ ಕೂಡಲೇ ಬೀದಿಯ ಬಲ್ಬುಗಳೆಲ್ಲ ಮಂಕಾಗುತ್ತಿದ್ದವು, ಎದುರಿನ ಹೋಟೆಲಿನ ರೇಡಿಯೊ ಗೊರಗೊರ ಎನ್ನುತ್ತಿತ್ತು, ಹೋಟೆಲಿನವರು ಬಾಗಿಲಿಗೆ ಬಂದು, “ಗೌಡ್ರೆ, ವಾರ್ತೆ ಮುಗಿಯುವವರೆಗಾದ್ರೂ ಬಿಡಿ ಮಾರಾಯ್ರೆ!” ಎಂದು ಕೂಗುತ್ತಿದ್ದರು.

ಇದನ್ನೆಲ್ಲ ನಾನು ಕಂಡದ್ದಲ್ಲ, ಕೇಳಿದ್ದು. ನಾನಾಗ ಒಳಕೋಣೆಯಲ್ಲಿದ್ದೆ. ಬಾಣಂತಿ. ಆದರೆ ಮಡಿಲಲ್ಲಿ ಮಗುವಿರಲಿಲ್ಲ.

ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನನ್ನ ಚೊಚ್ಚಲು ಗಂಡುಮಗು ಹೆಸರಿಡುವ ಮೊದಲೇ ಹೋಯಿತು. ಜ್ವರ ಬಂತು, ಹಾಲು ಬಿಟ್ಟಿತು, ಹೋಯಿತು. ನಮ್ಮ ಕಡೆ ಹೆಸರಿಡದ ಮಗು ಹೋದರೆ ಅದರ ಮಾತೆತ್ತುವುದಿಲ್ಲ. ಅತ್ತರೆ ಮುಂದೆ ಹುಟ್ಟುವವಕ್ಕೆ ಆಗುವುದಿಲ್ಲ ಎನ್ನುತ್ತಾರೆ. ಇವರೂ ಮತ್ತೊಬ್ಬರೂ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಎಲ್ಲಿ ಮಣ್ಣು ಮಾಡಿದರೆಂದು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ತೊಟ್ಟಿಲು ಅಟ್ಟ ಸೇರಿತು. ಮನೆಯಲ್ಲಿ ಎಲ್ಲರೂ ಬೇರೆ ಮಾತಾಡತೊಡಗಿದರು, ವೆಲ್ಡಿಂಗಿನ ಮಾತು. ಇವರು ಆ ಯಂತ್ರದ ಹಿಂದೆ ಅಷ್ಟು ಬಿದ್ದದ್ದು ಯಾಕೆಂದು ನನಗೆ ಈಗ ಅರ್ಥವಾಗುತ್ತದೆ, ಆಗ ಬರೀ ಸಿಟ್ಟು ಬರುತ್ತಿತ್ತು.

ಎಲ್ಲರೂ ಮರೆತರೂ ನನ್ನ ಎದೆ ಮರೆಯಲಿಲ್ಲ. ಹಾಲು ಕಟ್ಟಿ ಕಲ್ಲಾಗುತ್ತಿತ್ತು. “ಹಿಂಡಿ ತೆಗಿ, ಕಂಡಲ್ಲಿ ಚೆಲ್ಬೇಡ, ತುಳಿಯುವ ಜಾಗ ಆಗ್ಬಾರ್ದು. ಹಲಸಿನ ಬುಡಕ್ಕೆ ಹಾಕು,” ಎಂದಿದ್ದರು ಅತ್ತೆ. (ಮನೆಯಲ್ಲಿ ನಾವಾಡುವುದು ಅರೆಭಾಷೆ, ನಿಮಗೆ ತಿಳಿಯಲೆಂದು ಹೀಗೆ ಬರೆಯುತ್ತಿದ್ದೇನೆ.) ದಿನವೂ ಹಿತ್ತಿಲಿನ ಹಲಸಿನ ಬುಡದಲ್ಲಿ ಕೂತು ಹಿಂಡುವುದು, ಸೆರಗು ಸರಿಮಾಡಿಕೊಂಡು ಒಳಗೆ ಬಂದು ಮಲಗುವುದು. ಬೇರೆ ಕೆಲಸ ನನಗಿರಲಿಲ್ಲ. ಯಾಕೆ ಏಳಬೇಕೆಂದೂ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಕಿತ್ತಳೆ ಹಣ್ಣು ತುಂಬಿದ ಲಾರಿಯೊಂದು ಶೆಡ್ಡಿನ ಮುಂದೆ ವಾಲಿ ನಿಂತಿತು. ಸ್ಪ್ರಿಂಗನ್ನು ಹಿಡಿದಿಡುವ ದಪ್ಪ ಪಟ್ಟಿ ತುಂಡಾಗಿತ್ತು. ಹಣ್ಣು ಕೊಳೆಯುವ ಮೊದಲು ಲಾರಿ ಮಂಗಳೂರು ಸೇರಬೇಕು. ಶೆಡ್ಡಿಗೆ ಬಂದ ಮೊದಲ ನಿಜವಾದ ವೆಲ್ಡಿಂಗ್ ಕೆಲಸ. ಆದರೆ ಮುಖಕ್ಕೆ ಹಿಡಿಯುವ ಗುರಾಣಿಯ ಕಪ್ಪು ಕನ್ನಡಿ ಹಿಂದಿನ ದಿನವಷ್ಟೇ ಕೈತಪ್ಪಿ ಬಿದ್ದು ಹೋಳಾಗಿತ್ತು. ಹೊಸ ಕನ್ನಡಿ ಬರಬೇಕಾದರೂ ಮಂಗಳೂರಿನಿಂದಲೇ ಬರಬೇಕು.

ಆಗ ನಮ್ಮವರ ಬುದ್ಧಿ ಓಡಿದ್ದು ಗ್ರಹಣದ ಕಡೆಗೆ. ಸೂರ್ಯಗ್ರಹಣವನ್ನು ಹೇಗೆ ನೋಡುತ್ತಾರೆ? ಒಂದೋ ಗಾಜಿಗೆ ಚಿಮಿಣಿಯ ಮಸಿ ಹಿಡಿಸಿ ನೋಡುವುದು, ಇಲ್ಲವೇ ಹರಿವಾಣದಲ್ಲಿ ಸೆಗಣಿ ನೀರು ಕದಡಿ ಅದರಲ್ಲಿ ಬಿದ್ದ ಬಿಂಬವನ್ನು ನೋಡುವುದು. ಸೂರ್ಯನನ್ನೇ ನೋಡಬಹುದಾದರೆ ಈ ಹಿಡಿಯಷ್ಟು ಬೆಂಕಿ ಯಾವ ಲೆಕ್ಕ? ಹಸನಬ್ಬ ಕಿಟಕಿ ಗಾಜಿನ ತುಂಡೊಂದಕ್ಕೆ ಮಸಿ ಹಿಡಿಸಿ ಗುರಾಣಿಗೆ ಸಿಕ್ಕಿಸಿಕೊಂಡರು. ಇವರು ಪಟ್ಟಿಯನ್ನು ಒತ್ತಿ ಹಿಡಿಯಲು ಬರಿಗಣ್ಣಲ್ಲೇ ಕೂತರು. ನೋಡಲು ಸೇರಿದ ಜನರ ಹೊಣೆ ಅತ್ತೆಯದ್ದು. ಅವರು ಮನೆಯ ದೊಡ್ಡ ಹರಿವಾಣವನ್ನು ಅಂಗಳಕ್ಕೆ ತಂದು, ದನದ ಕೊಟ್ಟಿಗೆಯಿಂದ ಸೆಗಣಿ ತಂದು ಕದಡಿ, “ಇದರಲ್ಲೇ ನೋಡ್ಬೇಕು. ಸೀದಾ ನೋಡಿದವರ ಕಣ್ಣು ಹೋದ್ರೆ ನನ್ನನ್ನು ಕೇಳ್ಬೇಡಿ,” ಎಂದು ಕಾವಲು ನಿಂತರಂತೆ. ಸುಳ್ಯದ ಗಣ್ಯರೆಲ್ಲ ಸೊಂಟ ಬಗ್ಗಿಸಿ ಸೆಗಣಿ ನೀರಿನ ಸುತ್ತ ನಿಂತು ವೆಲ್ಡಿಂಗ್ ನೋಡಿದರು. ಅಷ್ಟಕ್ಕೇ ಬಿಡದೆ ಅತ್ತೆ ಅಡುಗೆಮನೆಯ ನೀರಿನ ಕೊಡಕ್ಕೂ ಉಪ್ಪಿನಕಾಯಿ ಭರಣಿಗೂ ತುಳಸಿ ಹಾಕಿ, ನನ್ನ ಕೋಣೆಯ ಬಾಗಿಲು ಎಳೆದುಕೊಂಡರು. ಗ್ರಹಣವನ್ನು ಬಾಣಂತಿ ನೋಡಬಾರದಲ್ಲ!

ಬಾಗಿಲು ಹಾಕಿದರೇನು, ಹಂಚಿನ ಸಂದುಗಳಿಂದ ನೀಲಿ ಬೆಳಕು ಒಳಗೆ ಬಂತು. ಎದುರಿನ ಗೋಡೆಯ ಮೇಲೆ ಬೀಳುತ್ತಿತ್ತು, ಆರುತ್ತಿತ್ತು, ಮತ್ತೆ ಬೀಳುತ್ತಿತ್ತು. ಮಗು ಹೋದ ಮೇಲೆ ಕಣ್ಣು ಬಿಟ್ಟು ನಾನು ಏನನ್ನಾದರೂ ನೋಡಿದ್ದರೆ ಅದನ್ನೇ. ಬಾಣಂತಿ ಕೋಣೆಯ ಕತ್ತಲಿಗೆ ಹೊರಗಿನಿಂದ ಬಂದದ್ದು ಅದೊಂದೇ.

ಮಧ್ಯಾಹ್ನದ ಒಳಗೆ ಲಾರಿ ಹೊರಟಿತು. ಜನ ಚಪ್ಪಾಳೆ ತಟ್ಟಿದ್ದು ನನಗೂ ಕೇಳಿಸಿತು. ಚಾಲಕ ಕೊಟ್ಟುಹೋದ ಕಿತ್ತಳೆಗಳಲ್ಲಿ ಎರಡನ್ನು ಅತ್ತೆ ನನ್ನ ತಲೆದಿಂಬಿನ ಹತ್ತಿರ ಇಟ್ಟರು. ನಾನು ತಿನ್ನಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ನರಳಾಟ ಶುರುವಾಯಿತು. ವೆಲ್ಡಿಂಗಿನ ಬೆಂಕಿ ನೋಡಿದ ಕಣ್ಣು ಆಗಲೇ ನೋಯುವುದಿಲ್ಲ, ಕೆಲವು ತಾಸು ಬಿಟ್ಟು ನೋಯುತ್ತದೆ. ಹೊಸಬರು ಮೋಸಹೋಗುವುದು ಅಲ್ಲಿಯೇ. ಕಾವಿಗೆ ಮಸಿ ಉದುರಿ ಗಾಜು ಅಲ್ಲಲ್ಲಿ ಬೋಳಾಗಿತ್ತು. ಸಾಲದ್ದಕ್ಕೆ ಹಸನಬ್ಬ ರಾಡು ಎಲ್ಲಿ ತಾಗಿತೆಂದು ಗುರಾಣಿಯ ಬದಿಯಿಂದ ಇಣುಕಿದ್ದರು. ಕಣ್ಣಿಗೆ ಹೊಯಿಗೆ ತುಂಬಿ ತಿಕ್ಕಿದ ಹಾಗೆ ಆಗುತ್ತದೆ ಎನ್ನುತ್ತಿದ್ದರು ಇಬ್ಬರೂ. ರೆಪ್ಪೆ ತೆರೆಯಲಾಗದು, ಮುಚ್ಚಲಾಗದು. ಹಸನಬ್ಬರಂತೂ ಮನೆಗೆ ಹೋಗುವ ದಾರಿಯೇ ಕಾಣದೆ ನಮ್ಮ ಜಗಲಿಯಲ್ಲೇ ಉಳಿದರು. ಸೆಗಣಿ ನೀರಿನಲ್ಲಿ ನೋಡಿದವರಿಗೆ ಮಾತ್ರ ಒಬ್ಬರಿಗೂ ಏನೂ ಆಗಿರಲಿಲ್ಲ. ಇದನ್ನು ಅತ್ತೆ ಸಾಯುವವರೆಗೂ ಹೇಳಿಕೊಂಡರು.

“ಕಣ್ಣು ಹೋಯ್ತಾ ಗೌಡ್ರೆ? ಒಮ್ಮೆಲೇ ಹೋಯ್ತಾ?” ಎಂದು ಹಸನಬ್ಬ ಕೇಳುತ್ತಿದ್ದರು. ಅವರಿಗೆ ಸಣ್ಣ ಸಣ್ಣ ಐದು ಮಕ್ಕಳಿದ್ದರು. ಕಣ್ಣಿಲ್ಲದವನಿಗೆ ಕೆಲಸ ಕೊಡುವವರು ಯಾರು?

ಕಣ್ಣುರಿಗೆ ಏನು ಮದ್ದೆಂದು ಆ ಕಾಲದಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಎದೆಹಾಲು ಬಿಡುವುದು. ಧೂಳು ಬಿದ್ದರೂ ಅದೇ, ಕಣ್ಣು ಕೆಂಪಾದರೂ ಅದೇ. ಈಗಿನ ಡಾಕ್ಟರರು ಹೌದೆನ್ನುತ್ತಾರೋ ಇಲ್ಲವೋ, ನಮಗೆ ಗೊತ್ತಿದ್ದದ್ದು ಅಷ್ಟೆ. ಅತ್ತೆ ಮೂತಿಯಿರುವ ಕಿಂಡಿ ಚೆಂಬೊಂದನ್ನು ಹಿಡಿದುಕೊಂಡು ಹಸುಗೂಸಿರುವ ಮನೆಗಳಿಗೆ ಹೊರಟರು. ಹೊರಟದ್ದೇ ತಪ್ಪು ಹೊತ್ತಿನಲ್ಲಿ. ದೀಪ ಹಚ್ಚಿದ ಮೇಲೆ ಹಾಲು ಹೊಸ್ತಿಲು ದಾಟುವುದಿಲ್ಲ. ದನದ ಹಾಲೇ ಕೊಡುವುದಿಲ್ಲ, ಇನ್ನು ಎದೆಹಾಲು! ಹೋದ ಮನೆಯಲ್ಲೆಲ್ಲ, “ಬೆಳಗ್ಗೆ ಬನ್ನಿ, ಖಂಡಿತ ಕೊಡುವ,” ಎಂದರಂತೆ. ಅವರನ್ನು ದೂರುವಂತಿಲ್ಲ, ಅತ್ತೆಯೂ ಅವರ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದರು.

ಅತ್ತೆ ಬರಿಗೈಯಲ್ಲಿ ಬಂದು ಜಗಲಿಯಲ್ಲಿ ಕೂತದ್ದು ನನಗೆ ಒಳಗಿನಿಂದಲೇ ಗೊತ್ತಾಯಿತು.

“ಸಿಕ್ಕಲಿಲ್ಲ,” ಎಂದರು.

ಆಮೇಲೆ ಯಾರೂ ಮಾತಾಡಲಿಲ್ಲ. ಆ ಮೌನ ಏನೆಂದು ಗೋಡೆಯ ಈಚೆಗಿದ್ದ ನನಗೂ ತಿಳಿಯಿತು. ಹೊಸ್ತಿಲು ದಾಟದೆ ಸಿಗುವ ಹಾಲು ಈ ಮನೆಯೊಳಗೇ ಇದೆ ಎಂದು ಮೂವರಿಗೂ ಗೊತ್ತು. ಕೇಳುವ ನಾಲಿಗೆ ಒಬ್ಬರಿಗೂ ಇಲ್ಲ. ಕೇಳಿದರೆ ಮಗುವಿನ ಮಾತೆತ್ತಿದ ಹಾಗೆ.

ಕೊನೆಗೆ ಹಸನಬ್ಬರ ಸ್ವರ ಕೇಳಿತು. “ಬೇಡ ಅಮ್ಮ. ಬೆಳಗಾದ್ರೆ ಕಮ್ಮಿ ಆಗ್ತದೆ. ಎಂತ ಸಹ ಬೇಡ.”

ಅವರು ‘ಬೇಡ’ ಎಂದದ್ದು ಯಾವುದನ್ನು ಎಂದು ನನಗೆ ಗೊತ್ತಾಯಿತು ನೋಡಿ, ಆಗ ನನಗೆ ಎದ್ದು ಕೂರಬೇಕೆನಿಸಿತು. ಕರುಣೆಯಿಂದ ಎದ್ದೆ ಎಂದು ಹೇಳಿಕೊಳ್ಳಲಾರೆ. ಎದೆ ನೋಯುತ್ತಿತ್ತು, ಆ ಹೊತ್ತಿನಲ್ಲಿ ಹಲಸಿನ ಬುಡಕ್ಕೆ ಹೋಗಲು ಮನಸ್ಸಿರಲಿಲ್ಲ. ಮರ ಕೇಳಿರಲಿಲ್ಲ, ಕೊಡುತ್ತಿದ್ದೆ. ಇಲ್ಲಿ ಬೇಕಾದವರಿದ್ದರು. ಅಮ್ಮ ತವರಿನಿಂದ ತಂದಿಟ್ಟ ಒಳಲೆ ಗೂಡಿನಲ್ಲಿತ್ತು, ಮಗುವಿಗೆ ಹಾಲು ಕುಡಿಸಲೆಂದು ಮೂತಿ ಮಾಡಿದ ಪುಟ್ಟ ಹಿತ್ತಾಳೆ ಪಾತ್ರೆ. ಅದನ್ನು ತೊಳೆದೆ. ಅದರಲ್ಲಿ ಹಿಂಡಿದೆ. ಬಾಗಿಲು ತೆರೆದು ಹೊಸ್ತಿಲ ಮೇಲೆ ಇಟ್ಟೆ. ಸದ್ದು ಕೇಳಿ ಅತ್ತೆ ತಿರುಗಿದರು. ನನ್ನನ್ನು ನೋಡಲಿಲ್ಲ, ಒಳಲೆಯನ್ನು ನೋಡಿದರು. ಎರಡು ಕೈಯಲ್ಲಿ ಅದನ್ನೆತ್ತಿಕೊಂಡರು.

ಅತ್ತೆಗೆ ಮಡಿ ಮೈಲಿಗೆ ಇಲ್ಲದಿರಲಿಲ್ಲ. ಹಸನಬ್ಬರಿಗೆ ಬೇರೆ ಲೋಟ ಇಟ್ಟವರೇ ಅವರು. ಆದರೆ ಆ ದಿನ ಜಗಲಿಗೆ ಹೋದವರು ಮೊದಲು ಮಗನ ಹತ್ತಿರ ಕೂರಲಿಲ್ಲ. ಹಸನಬ್ಬರ ತಲೆಯನ್ನು ತಮ್ಮ ಮಂಡಿಯ ಮೇಲೆ ಎತ್ತಿಟ್ಟುಕೊಂಡು, ರೆಪ್ಪೆ ಬಿಡಿಸಿ, ಒಳಲೆಯ ಮೂತಿಯಿಂದ ಹಾಲು ಬಿಟ್ಟರು. “ಅಲುಗಾಡ್ಬೇಡ ಮಾರಾಯ, ಚೆಲ್ಲಿ ಹೋಗ್ತದೆ,” ಎಂದು ಗದರಿದ್ದು ಕೇಳಿಸಿತು. ಆಮೇಲೆ ಮಗನ ಸರದಿ.

ಬೆಳಿಗ್ಗೆ ಇಬ್ಬರಿಗೂ ಕಣ್ಣು ತೆರೆಯಲು ಬಂತು. ಕೆಂಪಾಗಿತ್ತು, ನೀರು ಸುರಿಯುತ್ತಿತ್ತು, ಆದರೆ ಕಾಣುತ್ತಿತ್ತು. ತಾನಾಗಿಯೇ ವಾಸಿಯಾಗುವ ನೋವು ಅದು ಎಂದು ಆಮೇಲೆ ತಿಳಿದವರೊಬ್ಬರು ಹೇಳಿದರು. ಇರಬಹುದು. ಅದನ್ನು ಹಸನಬ್ಬರಿಗೆ ಹೇಳಿ ಒಪ್ಪಿಸುವವರು ಯಾರೂ ಹುಟ್ಟಲಿಲ್ಲ.

ಮನೆಗೆ ಹೊರಡುವ ಮೊದಲು ಅವರು ನನ್ನ ಕೋಣೆಯ ಬಾಗಿಲಿಗೆ ದೂರದಲ್ಲಿ ನಿಂತರು. ತಲೆ ಬಗ್ಗಿಸಿಕೊಂಡಿದ್ದರು.

“ಅಕ್ಕ,” ಎಂದರು. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು, ಅಕ್ಕ ಎನ್ನುವುದು ಮರ್ಯಾದೆಗೆ. “ಅದು ಮೋನುವಿನ ಪಾಲು. ಅವನ ಪಾಲು ನನಗೆ ಬಂತು.”

ಮೋನು ಎಂದರೆ ಅವರ ಭಾಷೆಯಲ್ಲಿ ಮಗ, ಮುದ್ದಿನ ಮಾತು. ನನ್ನ ಮಗುವನ್ನು ಒಬ್ಬರು ಕರೆದದ್ದು ಅದೇ ಮೊದಲು. ನನಗೆ ಅಳು ಬಂತು. ಬಂತು ಎಂದರೆ ಸಣ್ಣಗೆ ಅಲ್ಲ, ರಸ್ತೆಯವರೆಗೆ ಕೇಳುವಂತೆ ಅತ್ತುಬಿಟ್ಟೆ. ಅತ್ತೆಯವರು ಓಡಿ ಬಂದು, “ಎಂತ ಹೇಳಿದೆ ನೀನು ಅವಳಿಗೆ?” ಎಂದು ಹಸನಬ್ಬರಿಗೆ ಬೈದರು. ಬೈಯುತ್ತ ಬೈಯುತ್ತ ಅವರ ಸ್ವರವೂ ಒಡೆದು, ನನ್ನ ಪಕ್ಕದಲ್ಲಿ ಕೂತು ಅವರೂ ಅತ್ತರು. ಇವರು ಜಗಲಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು. ಆ ಬಟ್ಟೆ ಒದ್ದೆಯಾದದ್ದು ಬೆಂಕಿ ನೋಡಿದ್ದರಿಂದ ಎಂದೇ ಕೊನೆಯವರೆಗೂ ವಾದಿಸಿದರು.

ಅಂದಿನಿಂದ ನಾನು ಎದ್ದು ಓಡಾಡತೊಡಗಿದೆ. ಹಾಲು ನಿಧಾನಕ್ಕೆ ತಾನಾಗಿ ನಿಂತಿತು. ಮಂಗಳೂರಿನಿಂದ ಕಪ್ಪು ಕನ್ನಡಿ ಬಂತು, ಒಂದಲ್ಲ, ಮೂರು. ಮಳೆಗಾಲ ಹಿಡಿದಾಗ ರಾಡುಗಳ ಮೇಲಿನ ಲೇಪ ತೇವ ಕುಡಿದು ಕೆಲಸಕ್ಕೆ ಬಾರದಾಯಿತು. ಅವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ ಒಣಗಿಸುವ ಉಪಾಯ ನನ್ನದು. ಅಲ್ಲಿ ಒಣಮೀನೂ ಇತ್ತು. ಆ ವರ್ಷ ಸುಳ್ಯದಲ್ಲಿ ವೆಲ್ಡ್ ಮಾಡಿಸಿದ ಲಾರಿಗಳೆಲ್ಲ ಒಣಮೀನಿನ ಪರಿಮಳ ಬೀರುತ್ತ ಘಟ್ಟ ಹತ್ತಿದವು ಎಂದು ಇವರು ತಮಾಷೆ ಮಾಡುತ್ತಿದ್ದರು.

ರಾಡು ಒಯ್ದು ಕೊಡುತ್ತ, ನಿಂತು ನೋಡುತ್ತ, ಒಂದು ದಿನ ನಾನೇ ಹಿಡಿ ಕೇಳಿದೆ. ಇವರು ನಕ್ಕರು. ಹಸನಬ್ಬ ನಗಲಿಲ್ಲ. ಗುರಾಣಿ ಕೊಟ್ಟರು. ಕಲಿಯುವವರಿಗೆ ಅವರು ಹೇಳಿದ ಪಾಠ ಇಷ್ಟೆ, ಬೇಕಾದರೆ ನೀವೂ ಇಟ್ಟುಕೊಳ್ಳಿ. ಮೊದಲು ತುಕ್ಕು, ಬಣ್ಣ, ಎಣ್ಣೆ ಎಲ್ಲ ಉಜ್ಜಿ ತೆಗೆಯಬೇಕು. ಇಕ್ಕಳ ಬರಿ ಕಬ್ಬಿಣವನ್ನು ಗಟ್ಟಿಯಾಗಿ ಕಚ್ಚಿರಬೇಕು. ಗುರಾಣಿ ಮುಖಕ್ಕೆ ಬಂದ ಮೇಲೆಯೇ ಕೈ ಮುಂದೆ ಹೋಗಬೇಕು.

“ಬೆಂಕಿಕಡ್ಡಿ ಗೀರುದಿಲ್ವಾ ಅಕ್ಕ, ಹಾಗೆ ಗೀರಿ. ಒತ್ತಿದ್ರೆ ಅಂಟಿ ಹೋಗ್ತದೆ, ದೂರ ಹಿಡಿದ್ರೆ ನಂದಿ ಹೋಗ್ತದೆ. ಹಪ್ಪಳ ಕರಿಯುವಾಗ ಬರುವ ಶಬ್ದ ಉಂಟಲ್ಲ, ಅದೇ ಶಬ್ದ ಬರ್ಬೇಕು. ಕಣ್ಣಿಗಿಂತ ಕಿವಿ ಮುಖ್ಯ.”

ನನ್ನ ರಾಡು ಅಂಟಿತು. ಮತ್ತೆ ಅಂಟಿತು. ರಾಡೇ ಸರಿಯಿಲ್ಲ ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು. ಕೊನೆಗೊಮ್ಮೆ ಹಪ್ಪಳದ ಸದ್ದು ಬಂತು. ಕಪ್ಪು ಗಾಜಿನ ಹಿಂದೆ ಕಬ್ಬಿಣ ನೀರಾಗಿ, ಒಂದರೊಳಗೊಂದು ಹರಿದು, ನೋಡುತ್ತಿದ್ದಂತೆ ಗಟ್ಟಿಯಾಯಿತು. ಮೇಲೆ ಕೂತ ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಿದರೆ ಒಳಗಿದ್ದದ್ದು ಕೋಳಿ ಹಿಕ್ಕೆಯ ಸಾಲು. ಆದರೂ ಅದು ಬಿಡಲಿಲ್ಲ. ಬಡಿದರೂ ಬಿಡಲಿಲ್ಲ. ನನ್ನ ಮೊದಲ ಪೂರ್ತಿ ಕೆಲಸ ಅತ್ತೆಯ ಮೆಟ್ಟುಕತ್ತಿಯ ಮುರಿದ ಕಾಲು. “ಹೆಂಗಸು ಅಂಟಿಸಿದ್ದು ನಿಲ್ತದಾ?” ಎಂದವರು ಬದುಕಿರುವವರೆಗೂ ಅದರಲ್ಲೇ ತರಕಾರಿ ಹೆಚ್ಚಿದರು. ಇವರು ಸಾಮಾನು ತರಲು ಪುತ್ತೂರಿಗೆ ಹೋದ ದಿನಗಳಲ್ಲಿ ಗೇಟು, ಕಿಟಕಿಯ ಸಲಾಕೆ ಬಂದರೆ ನಾನೂ ಕೂರುತ್ತಿದ್ದೆ. ಗುರಾಣಿಯ ಹಿಂದಿರುವುದು ಯಾರೆಂದು ಗಿರಾಕಿಗಳಿಗೆ ತಿಳಿಯುತ್ತಿರಲಿಲ್ಲ, ಸೀರೆಯ ಅಂಚು ಕಂಡವರು ಹೇಳುತ್ತಲೂ ಇರಲಿಲ್ಲ.

ಹಸನಬ್ಬರ ವಿಷಯ ಇನ್ನೂ ಸ್ವಲ್ಪ ಉಳಿದಿದೆ. ಅವರ ಧರ್ಮದಲ್ಲಿ ಒಬ್ಬ ತಾಯಿಯ ಹಾಲು ಕುಡಿದ ಕೂಸು ಅವಳಿಗೆ ಮಗನೇ ಆಗುತ್ತದಂತೆ. ಕಣ್ಣಿಗೆ ಬಿಟ್ಟ ಹಾಲಿಗೆ ಏನು ಸಂಬಂಧ ಎಂದು ಹಸನಬ್ಬ ಮಸೀದಿಯ ಮುಸ್ಲಿಯಾರರನ್ನು ಹೋಗಿ ಕೇಳಿದರು. ಮುಸ್ಲಿಯಾರರು ನಕ್ಕು, “ಅದು ಹಾಲು ಕುಡಿಯುವ ಮಕ್ಕಳಿಗೆ ಮಾತ್ರ ಹಸನಬ್ಬ, ನಿನಗೆ ಗಡ್ಡ ನರೆತಿದೆ,” ಎಂದರಂತೆ. ಹಸನಬ್ಬ ಅದನ್ನು ನನಗೆ ಹೇಳಿ, “ಅವರು ಹೇಳಿದ್ದು ಸರಿ. ಆದ್ರೆ ಪಾಲು ಪಾಲೇ ಅಲ್ವಾ ಅಕ್ಕ?” ಎಂದರು. ಅಲ್ಲಿಂದ ಮುಂದೆ ಪ್ರತಿ ಪೆರ್ನಾಲ್ ಹಬ್ಬಕ್ಕೆ, ನಮಾಜು ಮುಗಿಸಿ, ತಮ್ಮ ತಾಯಿಯನ್ನು ಕಂಡು, ಅನಂತರ ನಮ್ಮ ಮನೆಗೆ ಖರ್ಜೂರ ತರುತ್ತಿದ್ದರು. ಜಗಲಿಯಲ್ಲಿ ಕೂತು ಅದು ಇದು ಮಾತಾಡಿ, ಏಳುವ ಮುಂಚೆ ಒಂದು ಮಾತು ಹೇಳುತ್ತಿದ್ದರು.

“ಮೋನು ಇದ್ದಿದ್ರೆ ಈಗ ನಡಿತಿದ್ದ.”

ಮೊದಲ ಸಲ ಅದನ್ನು ಕೇಳಿ ಇವರು ಹೊರಗೆ ಕರೆದು, “ಅದೊಂದು ಬೇಡ ಹಸನಬ್ಬ,” ಎಂದರು. ನಾನು ಒಳಗಿನಿಂದ, “ಹೇಳಲಿ, ಇರಲಿ,” ಎಂದೆ. ಇವರಿಗೆ ಎದುರುತ್ತರ ಕೊಟ್ಟ ದಿನಗಳು ಬೇಕಾದಷ್ಟಿವೆ, ಆದರೆ ಇದನ್ನು ನಾನು ಮರೆತಿಲ್ಲ. ಮುಂದೆ ನನಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಮನೆ ತುಂಬಿತು. ಹಸನಬ್ಬರ ಲೆಕ್ಕ ನಿಲ್ಲಲಿಲ್ಲ. ಈ ವರ್ಷ ಶಾಲೆಗೆ ಸೇರಿಸಬೇಕಿತ್ತು, ಈ ವರ್ಷ ಸೈಕಲ್ ಕೇಳುತ್ತಿದ್ದ, ಈಗ ಮೀಸೆ ಬಂದಿರುತ್ತಿತ್ತು, “ಹೆಣ್ಣು ನೋಡ್ಬೇಕಿತ್ತು ಅಕ್ಕ, ತಡ ಮಾಡಿದ್ರಿ.” ನಾನು ನಗುತ್ತಿದ್ದೆ. ಹಬ್ಬ ಹತ್ತಿರ ಬಂದರೆ ಅವರಿಗಿಂತ ಹೆಚ್ಚು ನಾನೇ ಕಾಯುತ್ತಿದ್ದೆ. ಯಾರ ಬಾಯಲ್ಲೂ ಇಲ್ಲದ ನನ್ನ ಮಗ ಹೀಗೆ ವರ್ಷಕ್ಕೊಮ್ಮೆ ಒಂದು ವರ್ಷ ಬೆಳೆಯುತ್ತಿದ್ದ.

ಹಸನಬ್ಬ ತೀರಿಕೊಂಡ ಮೇಲೆ ಆ ಲೆಕ್ಕ ಅಲ್ಲಿಗೇ ನಿಂತಿತು. ಆಗ ಮಗನಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಅವನು ಅಲ್ಲಿಯೇ ಉಳಿದುಬಿಟ್ಟ. ನಾನು ಮುಂದೆ ಎಣಿಸಲಿಲ್ಲ. ಒಬ್ಬಳೇ ಎಣಿಸುವುದಕ್ಕೆ ಭಯವೋ ಸಂಕೋಚವೋ, ಇವತ್ತಿಗೂ ನನಗೆ ತಿಳಿಯದು. ಹೆಂಗಸರನ್ನು ಜನ ಕೇಳುವ ಮೊದಲ ಪ್ರಶ್ನೆ ಎಷ್ಟು ಮಕ್ಕಳು ಎಂಬುದು. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಉತ್ತರ ಯಾವಾಗಲೂ ಒಂದೇ, ಇಬ್ಬರು.

ಮೊನ್ನೆ ಸಂಜೆ ಮಾಡಿನ ಕೆಲಸ ಮುಗಿಸಿ ಹರೀಶ ಮೆಟ್ಟಿಲಲ್ಲಿ ಚಹಾ ಕುಡಿಯಲು ಕೂತ. ನಾನು ಮೇಲೆ ಹೋಗಿ ಒಂದೊಂದೇ ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿ ಬಂದಿದ್ದೆ. ಚೆನ್ನಾಗಿತ್ತು. ಒಂದು ಕಡೆ ಮಾತ್ರ ಸ್ವಲ್ಪ ಅವಸರ ಮಾಡಿದ್ದ, ಅದನ್ನು ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಹೇಗೆ ಗೊತ್ತಾಯಿತೆಂದು ಕೇಳಲು ಬಾಯಿ ತೆರೆದವನು ಅದನ್ನು ಬಿಟ್ಟು ಇನ್ನೇನನ್ನೋ ಕೇಳಿದ.

“ಅಜ್ಜಿ, ನಿಮಗೆ ಎಷ್ಟು ಮಕ್ಕಳು?”

“ಮೂವರು,” ಎಂದೆ.

ಒಳಗೆ ಪಾತ್ರೆ ತೊಳೆಯುತ್ತಿದ್ದ ಮಗಳ ಕೈ ನಿಂತಿತು. ನಲ್ಲಿಯ ನೀರು ಮಾತ್ರ ಬೀಳುತ್ತಿತ್ತು.

“ದೊಡ್ಡವರು ಎಲ್ಲಿರುದು?”

“ದೊಡ್ಡವ ಹಾಲು ಕುಡಿಯುವಾಗಲೇ ಹೋದ ಮಾರಾಯ. ಇದ್ದಿದ್ರೆ ಈಗ ಅರುವತ್ತು.”

ಹರೀಶ ಲೋಟ ಕೆಳಗಿಟ್ಟ. ಅಯ್ಯೋ ಪಾಪ ಎನ್ನಲಿಲ್ಲ. ಬೆರಳು ಮಡಚಿ ಏನೋ ಕೂಡಿ ಕಳೆದು, “ಹಾಗಾದ್ರೆ ನನ್ನ ಅಪ್ಪನಿಗಿಂತ ಎರಡು ವರ್ಷ ದೊಡ್ಡವರು,” ಎಂದ.